ಹೋಲ್ಡಾನ್‌ಗೂ ರೈಟ್‌ಗೂ ನಡುವೆ

ಆ ದಿನ ಗುರುವಾರ. ಸಂಜೆ ಐದೂವರೆಗೆ ಕಂಡಕ್ಟ್ರು ಟವರಿನ ಬುಡದಲ್ಲಿದ್ದ ಪೆಟ್ಟಿಗೆಯ ಬಾಗಿಲು ತೆಗೆದು, ಮೂಗನ್ನು ಒಳಗಿಟ್ಟು ಮೂಸಿ, "ಸುಟ್ಟೈತಿ" ಅಂದರು. ಫ್ಯೂಸು. ಅದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಪೆಟ್ಟಿಗೆಯಲ್ಲಿ ಬೇರೆ ಫ್ಯೂಸು ಇರಲಿಲ್ಲ. ತರಬೇಕಾದ್ದನ್ನು ಯಾರು ಮರೆತದ್ದು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಸ್ವಲ್ಪ ಮಾತಾಯಿತು.

"ನಿನಗ ಹೇಳಿದ್ನಲ್ಲಲೇ ಪಿಯುಸಿ."

"ಯಾವಾಗ ಹೇಳಿದ್ರಿ? ನನ್ನ ಕನಸಿನಾಗ ಬಂದು ಹೇಳಿರಬೇಕು."

"ಕನಸಿನಾಗ ಹೇಳಿದ್ರೂ ಬರಕೋಬೇಕು. ಪಿಯುಸಿ ಓದಿದಾಕಿ ನೀನು."

ಆಮೇಲೆ ಕಿವಿಯ ಸಂದಿಯಿಂದ ಪೆನ್ನು ತೆಗೆದು, ದಿನಚರಿ ಪುಸ್ತಕದಲ್ಲಿ 'ಐದೂವರಿ, ಹೋಲ್ಡಾನ್' ಎಂದು ಬರೆದರು. "ನಾಳೆ ಹರಪನಹಳ್ಳ್ಯಾಗ ಫ್ಯೂಸ್ ತಗೊಂಡು ಬರ್ತೀನಿ. ಆಮ್ಯಾಲೆ ರೈಟ್ ಹೇಳೋಣು" ಅಂದರು. ಬೇಲಿಯ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನೂ ಅದೇ ಜೇಬಿಗೆ ಇಳಿಸಿ, ಮೊಪೆಡ್ ಹತ್ತಿ ಅರಸೀಕೆರೆ ಕಡೆ ಹೊರಟರು. ಹೋಗುತ್ತ ಆಕಾಶ ನೋಡಿ, "ಇನ್ನಾ ಎಂಟು ದಿನ ಮಳಿ ಇಲ್ಲ ಬಿಡು" ಎಂದು ಕೂಗಿದರು. ಮಳೆಯ ವಿಷಯದಲ್ಲಿ ಅವರು ಹೇಳಿದ್ದು ನಿಜವಾದದ್ದನ್ನು ನಾನು ಏಳು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ನಾನದ ನೀರಿನ ಒಲೆಯ ಮುಂದೆ ಕೂತವರು ಏಳಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿ ಬಂದೆವು.

ಆ ಶುಕ್ರವಾರವೂ ಸೇರಿ ಒಂಬತ್ತು ದಿನ ಟವರಿನ ಕಡೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಹತ್ತನೆಯ ದಿನ ಹೋದರೆ ಬೇಲಿಯೊಳಗೆ ಹುಲ್ಲು ಸೂಜಿ ಸೂಜಿಯಾಗಿ ಹಸಿರೆದ್ದಿತ್ತು. ಯಂತ್ರ ನಿಂತಿದ್ದ ಆ ಒಂಬತ್ತು ದಿನಗಳ ನಡುವೆಯೇ ಮುಂಗಾರಿನ ಮೊದಲ ಮಳೆ ಬಂದು ಹೋಗಿತ್ತು. ಯಾವ ದಿನ ಎಂದು ಗೊತ್ತಿಲ್ಲ. ಅದೊಂದು ಗೊತ್ತಾದರೆ ಉಳಿದದ್ದನ್ನು ಹೇಗಾದರೂ ತುಂಬಿಸಿ, ಕಂಡಕ್ಟ್ರು ದುಡಿದ ಕೊನೆಯ ವರ್ಷದ ಲೆಕ್ಕವನ್ನು ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ ಅದನ್ನು ಪೂರ್ತಿಯಾಗಿ ಕೈಬಿಡಬೇಕು ಎಂದು ಟವರು ನಿಲ್ಲಿಸಿದ ವಿಶ್ವವಿದ್ಯಾಲಯದ ಮೇಡಂ ಫೋನಿನಲ್ಲಿ ಹೇಳಿದರು. ಪುಸ್ತಕ ನನ್ನ ಮುಂದಿತ್ತು, ಪೆನ್ನೂ ಇತ್ತು. ಒಂದು ತಾರೀಖಿನ ಮುಂದೆ 'ಮಳೆ' ಎಂಬ ಎರಡು ಅಕ್ಷರ ಬರೆದರೆ ಮುಗಿಯುತ್ತಿತ್ತು. ಯಾಕೆ ಕೈ ಬರಲಿಲ್ಲ ಎನ್ನುವುದಕ್ಕೆ ಅವರು ಎಂಥ ಮನುಷ್ಯ ಎಂದು ಹೇಳಬೇಕು.

ಕಂಡಕ್ಟ್ರು ಎನ್ನುವುದು ಅವರ ಹೆಸರಲ್ಲ. ಬಹಳ ವರ್ಷ ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದರು. ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಕೂಡ್ಲಿಗಿ ರಸ್ತೆಗಳ ಒಂದೊಂದು ಗುಂಡಿಯೂ ಅವರ ಮಂಡಿಗೆ ಗೊತ್ತಿತ್ತು. ಮಂಡಿ ಸವೆದ ಮೇಲೆ ಬಸ್ಸು ಬಿಟ್ಟು ಟವರಿಗೆ ಬಂದರು. ನಿಂತು ನಿಂತು ಮಂಡಿ ಕಳೆದುಕೊಂಡವರಿಗೆ ಏಣಿ ಹತ್ತುವ ಕೆಲಸ ಕೊಟ್ಟ ಪುಣ್ಯಾತ್ಮರು ಯಾರೋ ನನಗೆ ಇವತ್ತಿಗೂ ತಿಳಿಯದು. ಮೇಲಾಗಿ ಅವರಿಗೆ ಎತ್ತರವೆಂದರೆ ಭಯ. ಕಣ್ಣು ಮುಚ್ಚಿಕೊಂಡೇ ಏಣಿ ಹತ್ತುತ್ತಿದ್ದರು, ಮೆಟ್ಟಿಲಿಗೊಂದು ಊರಿನ ಹೆಸರು ಹೇಳುತ್ತ. ತೆಲಿಗಿ. ನೀಲಗುಂದ. ಅರಸೀಕೆರೆ. ಕೊಟ್ಟೂರು. ಕೂಡ್ಲಿಗಿ ಬಂತೆಂದರೆ ಕಣ್ಣು ಬಿಡಬಹುದು, ಮೇಲೆ ತಲುಪಿದ್ದಾರೆ ಎಂದರ್ಥ. "ಇದು ಯಾವ ರೂಟ್ರೀ? ಒಂದಕ್ಕೊಂದು ಸಂಬಂಧ ಇಲ್ಲ" ಎಂದು ಕೆಳಗಿನಿಂದ ಕೇಳಿದೆ. ನಮ್ಮೂರು ತೆಲಿಗಿ, ನನಗೂ ಅಷ್ಟು ಭೂಗೋಳ ಗೊತ್ತು.

"ಮ್ಯಾಲೆ ಹೋಗೋ ಬಸ್ಸಿಗೆ ಎಂಥಾ ರೂಟಲೇ? ಸುಮ್ನ ಏಣಿ ಹಿಡಕೋ" ಎಂದು ಮೇಲಿನಿಂದ ಉತ್ತರ ಬಂತು.

ಕೊಟ್ಟೂರಿನ ದಾರಿ ಬಿಟ್ಟು ಒಳಗೆ, ಕುರಿ ಮೇಯುವ ಕುರುಚಲು ಬಯಲಿನಲ್ಲಿ ನಿಂತಿರುವ ಈ ಟವರನ್ನು ಸುತ್ತಲಿನವರು ಮೊದಮೊದಲು ಮೊಬೈಲಿನದು ಎಂದುಕೊಂಡಿದ್ದರು. "ಸಿಗ್ನಲ್ಲೇ ಬರಂಗಿಲ್ಲಲ್ರೀ" ಎಂದು ಬೈಯುತ್ತಿದ್ದರು. ಇದರ ಕೆಲಸ ಬೇರೆ. ಸೂರ್ಯನಿಂದ ನೆಲಕ್ಕೆ ಬಿದ್ದ ಶಾಖ ಆಮೇಲೆ ಎಲ್ಲಿ ಹೋಗುತ್ತದೆ, ಅದರಲ್ಲಿ ಗಾಳಿಯನ್ನು ಬಿಸಿ ಮಾಡಿದ್ದೆಷ್ಟು, ಮಣ್ಣಿನೊಳಗೆ ಇಳಿದದ್ದೆಷ್ಟು, ಹುಲ್ಲು ಮಣ್ಣುಗಳ ನೀರನ್ನು ಆವಿಯಾಗಿ ಎತ್ತಿಕೊಂಡು ಹೋದದ್ದೆಷ್ಟು ಎಂದು ಹಗಲೂ ರಾತ್ರಿ ಅಳೆಯುತ್ತದೆ. ಒಂದು ದಿನದ್ದಲ್ಲ, ವರ್ಷಗಟ್ಟಲೆ. ಮೇಡಂ ಇದನ್ನು ಅರ್ಧ ಗಂಟೆ ವಿವರಿಸಿದರು. ಕಂಡಕ್ಟ್ರು ಕೇಳಿ, ಕುರಿಯವರಿಗೆ ಹೀಗೆ ಹೇಳಿದರು: "ಬಿಸಲು ಇಲ್ಲಿ ಬಸ್ ಹತ್ತತೈತಿ. ಎಲ್ಲಿ ಇಳೀತೈತಿ ಅಂತ ನೋಡಾದು. ಬ್ಯಾಸಿಗ್ಯಾಗ ಎಲ್ಲಾರೂ ಗಾಳಿ ಸ್ಟಾಪಿನಾಗ ಇಳೀತಾರ. ಒಂದು ಮಳಿ ಬಿತ್ತೋ, ಅರ್ಧಕ್ಕರ್ಧ ಮಂದಿ ಹುಲ್ಲಿನ ಸ್ಟಾಪಿನಾಗ ಇಳೀತಾರ. ಅಷ್ಟs."

ಮೇಡಂ ಅದನ್ನು ಬರೆದುಕೊಂಡರು. ಬರೆದುಕೊಂಡ ತಪ್ಪಿಗೆ ಅವರು ಮುಂದೆ ಬಹಳ ಅನುಭವಿಸಬೇಕಾಯಿತು. ಯಾಕೆಂದರೆ ಹತ್ತಿದ ಶಾಖಕ್ಕೂ ಇಳಿದ ಶಾಖಕ್ಕೂ ಎಂದೂ ಸರಿಯಾಗಿ ತಾಳೆಯಾಗುವುದಿಲ್ಲ, ಇಳಿದದ್ದು ಯಾವಾಗಲೂ ಸ್ವಲ್ಪ ಕಡಿಮೆ. ಇಂಥ ಟವರು ಇರುವಲ್ಲೆಲ್ಲ ಇದೇ ತೊಂದರೆ ಎಂದು ಅವರು ಒಮ್ಮೆ ಬಾಯಿ ಬಿಟ್ಟರು. ಅಲ್ಲಿಂದ ಅವರು ಬಂದಾಗಲೆಲ್ಲ ಕಂಡಕ್ಟ್ರು ಬೇಲಿಯ ಬಳಿಯೇ ತಡೆದು ಕೇಳುತ್ತಿದ್ದರು: "ಏನ್ರಿ ಮೇಡಂ, ಕಿಟಕ್ಯಾಗಿಂದ ಜಿಗದವ್ರು ಸಿಕ್ಕರೇನು?"

ಬಸ್ಸು ಬಿಟ್ಟರೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ನಮ್ಮ ತಗಡಿನ ಶೆಡ್ಡಿಗೆ ಇಬ್ಬರು ಬಂದರೂ "ಮುಂದ ನಡೀರಿ, ಮುಂದ ನಡೀರಿ, ಜಾಗ ಐತಿ" ಎನ್ನುತ್ತಿದ್ದರು. ಬಾಗಿಲಲ್ಲಿ ಯಾರಾದರೂ ನಿಂತರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಊಟದ ಡಬ್ಬಿಯಲ್ಲಿ ಹೆಂಡತಿ ಕಟ್ಟಿದ ರೊಟ್ಟಿ ಇರುತ್ತಿತ್ತು. ಅದನ್ನು ನನಗೆ ಕೊಟ್ಟು ತಾವು ಮಂಡಕ್ಕಿ ಮಿರ್ಚಿ ತರಿಸಿಕೊಳ್ಳುತ್ತಿದ್ದರು. ಎಣ್ಣೆ ತಿನ್ನಬಾರದೆಂದು ಡಾಕ್ಟರು ಹೇಳಿದ್ದರು. ಸಂಜೆ ಹೊರಡುವ ಮುಂಚೆ ಬಾಯಿ ತೊಳೆದು, ಮೀಸೆ ಒರೆಸಿ, "ವಾಸ್ನಿ ಬರ್ತೈತೇನಲೇ?" ಎಂದು ನನ್ನ ಕಡೆ ಉಸಿರು ಬಿಡುತ್ತಿದ್ದರು. ಬರುತ್ತಿತ್ತು. ಬರುವುದಿಲ್ಲ ಎನ್ನುತ್ತಿದ್ದೆ. ನಮ್ಮ ಸ್ನೇಹ ಇಂಥ ಸುಳ್ಳುಗಳ ಮೇಲೆ ನಿಂತಿತ್ತು.

ದಿನಚರಿ ಪುಸ್ತಕದ ಮಾತು ಬೇರೆಯಾಗಿತ್ತು. ಯಂತ್ರ ಯಾವಾಗ ಕೆಟ್ಟಿತು, ಯಾವಾಗ ಸರಿಯಾಯಿತು ಎಂದು ಅದರಲ್ಲಿ ಬರೆಯುವುದು ಅವರ ಕೆಲಸ. ಓದಿ ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ಹಾಕುವುದು ನನ್ನದು. ಮೊದಲ ತಿಂಗಳ ಪುಸ್ತಕ ತೆರೆದೆ. 'ಹತ್ತೂ ಇಪ್ಪತ್ತು, ಹೋಲ್ಡಾನ್, ಓತಿಕ್ಯಾತ. ಹನ್ನೊಂದು, ರೈಟ್.' ಬಸ್ಸಿನಲ್ಲಿ ದಿನಾ ಕೇಳುವ ಮಾತೇ; ಆದರೆ ಅದನ್ನು ಬರಹದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಅವರ ಅಕ್ಷರವೋ, ಬಸ್ಸು ಕುಲುಕುವಾಗ ಬರೆದು ರೂಢಿಯಾದ ಅಕ್ಷರ. ನನಗೆ ಅದು 'ಹೋಲ್ಡರ್' ಎಂದು ಕಂಡಿತು, ಬಲ್ಬು ಸಿಕ್ಕಿಸುವ ಹೋಲ್ಡರ್. 'ರೈಟ್' ಅಂದರೆ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಪಿಯುಸಿ ಓದಿದ್ದೆನಲ್ಲ. ಹೀಗಾಗಿ, ಮೂರು ತಿಂಗಳ ಕಾಲ, ನಮ್ಮ ಟವರಿನಲ್ಲಿ ದಿನಾ ಹೋಲ್ಡರ್ ಹಾಳಾಗುತ್ತದೆ ಮತ್ತು ದಿನಕ್ಕೆ ಒಂದೆರಡು ಓದುಗಳು, ಎಂದರೆ ಅಳತೆಗಳು, ಮಾತ್ರ ಸರಿಯಾಗಿರುತ್ತವೆ ಎಂದು ಕಂಪ್ಯೂಟರಿಗೆ ತಿಳಿಸಿದೆ.

ನಾಲ್ಕನೆಯ ತಿಂಗಳು ವಿಶ್ವವಿದ್ಯಾಲಯದಿಂದ ಒಂದು ಡಬ್ಬಿ ಬಂತು. ಅದರ ತುಂಬ ಬಲ್ಬಿನ ಹೋಲ್ಡರುಗಳು.

ಕಂಡಕ್ಟ್ರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಬಲ್ಬs ಇಲ್ಲಲೇ ಇಲ್ಲಿ, ಇದನ್ನ ಯಾತಕ್ಕ ಕಳಿಸ್ಯಾರ?" ಸಂಜೆಯ ಹೊತ್ತಿಗೆ ವಿಷಯ ಬಯಲಾಯಿತು. ಅವರು ಬೈಯಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದು, "ಹೋಲ್ಡಾ...ನ್" ಎಂದು ಕೂಗಿದರು. ದೂರದಲ್ಲಿದ್ದ ಕುರಿಗಳೂ ನಿಂತವು. "ಈಗ ತಿಳೀತೇನ? ಗಾಡಿ ನಿಂತೈತಿ ಅಂತ. ರೈಟ್ ಅಂದ್ರ ಹೊಂಟೈತಿ ಅಂತ. ಸರಿ ಐತೋ ತಪ್ಪೈತೋ ಅದನ್ನ ದೇವರು ನೋಡ್ಕೊಂತಾನ." ಮೂರು ತಿಂಗಳದ್ದನ್ನು ಇಬ್ಬರೂ ಕೂತು ಮತ್ತೆ ಬರೆದೆವು. ಆಮೇಲೆ ಅವರು ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆಯತೊಡಗಿದರು. 'ಹೋಲ್ಡಾನ್' ಎಂಬ ಶಬ್ದ ಅರ್ಧ ಸಾಲು ತಿನ್ನುತ್ತಿತ್ತು.

ಹೋಲ್ಡಾನ್ ಆಗಲು ಕಾರಣ ಒಂದೆರಡಲ್ಲ. ಗಾಳಿ ಅಳೆಯುವ ಯಂತ್ರದ ಕವಲುಗಳ ನಡುವೆ ಜೇಡ ಬಲೆ ಕಟ್ಟುತ್ತಿತ್ತು. ಬಿಸಿಲು ನೋಡುವ ಗಾಜಿನ ಕಣ್ಣಿನ ಮೇಲೆ ಕಾಗೆ ಕೂತು ತನ್ನ ಕೆಲಸ ಮುಗಿಸಿ ಹೋದರೆ, ಆ ದಿನ ಬಯಲಿಗೆ ಗ್ರಹಣ ಹಿಡಿದಂತೆ ಅಂಕಿಗಳು ಬರುತ್ತಿದ್ದವು. ಆ ಹೊತ್ತಿನ ಜಾಗ ಖಾಲಿ. ಖಾಲಿ ಜಾಗಗಳು ಹೆಚ್ಚಾದರೆ ವರ್ಷದ ಮೊತ್ತ ಸಿಗುವುದಿಲ್ಲ. ಅದಕ್ಕೆ ಮೇಡಂ ಅವನ್ನು ತುಂಬಿಸುತ್ತಿದ್ದರು. ಇದು ಕಂಡಕ್ಟ್ರ ಕಿವಿಗೆ ಬಿದ್ದ ದಿನ ದೊಡ್ಡ ವಾದವಾಯಿತು.

"ಇಲ್ದಿದ್ದನ್ನ ಎಲ್ಲಿಂದ ತಂದು ತುಂಬ್ತೀರಿ?"

"ಹಿಂದೆ ಮುಂದೆ ಅಂಥದೇ ದಿನ ಹುಡುಕ್ತೀವಿ. ಅಷ್ಟೇ ಬಿಸಿಲು, ಅಷ್ಟೇ ಸೆಕೆ, ಗಾಳಿಯಲ್ಲಿ ಅಷ್ಟೇ ತೇವ ಇರೋ ದಿನ. ಅವುಗಳ ಸರಾಸರಿ ಹಾಕ್ತೀವಿ."

"ಅಂದ್ರ ಬಾರದ ಬಸ್ಸಿನಾಗ ಬಂದ ಬಸ್ಸಿನ ಮಂದೀನ ಕುಂದ್ರಸ್ತೀರಿ."

ಮೇಡಂ ನಕ್ಕರು. "ಹೌದು. ಆದರೆ ಕೂರಿಸಿದ್ದು ಅಂತ ಪ್ರತಿ ಅಂಕಿಯ ಪಕ್ಕದಲ್ಲೂ ಗುರುತು ಹಾಕ್ತೀವಿ."

"ಗುರ್ತು ಹಾಕ್ತೀರಿ?"

"ಹಾಕ್ತೀವಿ. ನೋಡಿದ್ದು ಯಾವುದು, ತುಂಬಿದ್ದು ಯಾವುದು, ಯಾರು ಬೇಕಾದರೂ ಹೇಳಬಹುದು."

ಆಗ ಕಂಡಕ್ಟ್ರು, "ಹಂಗಾರ ನೀವು ಮಂದಿ ಒಳ್ಳೇರು" ಎಂದರು, ಅಲ್ಲಿಯವರೆಗೆ ಅನುಮಾನವಿದ್ದವರಂತೆ.

ಅಂಥದೇ ದಿನ ಹುಡುಕಬೇಕೆಂದರೆ ಯಂತ್ರ ನಿಂತ ಹೊತ್ತಿನಲ್ಲಿ ಸೆಕೆ ಎಷ್ಟಿತ್ತು, ತೇವ ಎಷ್ಟಿತ್ತು, ಮಳೆ ಬಂತೋ ಇಲ್ಲವೋ ಎಂದಾದರೂ ಗೊತ್ತಿರಬೇಕು. ಅದಕ್ಕಾಗಿ ನಾವು ದಿನಕ್ಕೆ ಮೂರು ಸಲ ಕೈಯಿಂದಲೂ ಓದಿ ಬರೆಯುತ್ತಿದ್ದೆವು. ಒಂದು ಮರದ ಪೆಟ್ಟಿಗೆಯಲ್ಲಿ ಎರಡು ಉಷ್ಣಮಾಪಕಗಳು. ಒಂದರ ಬುಡ ಒಣಗಿರುತ್ತದೆ. ಇನ್ನೊಂದರ ಬುಡಕ್ಕೆ ಬಟ್ಟೆಯ ಬತ್ತಿ ಸುತ್ತಿ, ತುದಿಯನ್ನು ನೀರಿನ ಬಟ್ಟಲಿನಲ್ಲಿ ಇಳಿಬಿಟ್ಟಿರುತ್ತೇವೆ. ನೀರು ಆರುವುದರಿಂದ ಅದು ಸ್ವಲ್ಪ ತಣ್ಣಗಿರುತ್ತದೆ. ಎಷ್ಟು ತಣ್ಣಗೆ ಎನ್ನುವುದರಿಂದ ಗಾಳಿಯ ತೇವ ತಿಳಿಯುತ್ತದೆ.

ಒಂದು ಬೇಸಿಗೆಯ ಮಧ್ಯಾಹ್ನ ಕಂಡಕ್ಟ್ರು ಕೊಟ್ಟೂರಿಗೆ ಹೋಗಿದ್ದರು. ಎರಡು ಗಂಟೆಯ ಓದು ನನ್ನ ಪಾಲಿಗಿತ್ತು. ಶೆಡ್ಡಿನಿಂದ ಪೆಟ್ಟಿಗೆಗೆ ನೂರು ಹೆಜ್ಜೆ ಇರಬಹುದು. ಬಿಸಿಲು ನೋಡಿ ನನಗೆ ಹೆದರಿಕೆಯಾಯಿತು. ಹಿಂದಿನ ದಿನದ್ದನ್ನು ನೋಡಿ, ಅನುಮಾನ ಬಾರದಂತೆ ಅಲ್ಲಿ ಇಲ್ಲಿ ಒಂದಿಷ್ಟು ಬದಲಿಸಿ, ಕೂತಲ್ಲೇ ಬರೆದೆ. ನೋಡಲು ಬಹಳ ಚೆನ್ನಾಗಿತ್ತು.

ಸಂಜೆ ಅವರು ಬಂದು, ಪೆಟ್ಟಿಗೆಯ ಕಡೆ ಹೋಗಿ, ವಾಪಸು ಬಂದು, ಪುಸ್ತಕ ತೆರೆದು ನೋಡಿ, ನನ್ನನ್ನು ನೋಡಿ ಕೇಳಿದರು: "ಪಿಯುಸಿ, ನೀರಿಲ್ಲದ ಬತ್ತಿ ತಣ್ಣಗ ಹೆಂಗಾತು?"

ಬೆಳಗಿನ ಓದು ಮುಗಿದ ಮೇಲೆ ಯಾವುದೋ ಮೇಕೆ ಬೇಲಿ ತೂರಿ ಬಂದು, ಪೆಟ್ಟಿಗೆಯ ಬಾಗಿಲು ದೂಡಿ ಬಟ್ಟಲಿನ ನೀರನ್ನೆಲ್ಲ ಕುಡಿದು, ಬತ್ತಿಯನ್ನೂ ಅಷ್ಟು ಅಗಿದು ಹೋಗಿತ್ತು. ಅದರ ಹಿಕ್ಕೆ ಅಲ್ಲೇ ಬಿದ್ದಿತ್ತು. ನಾನು ತಲೆ ತಗ್ಗಿಸಿ ಅತ್ತೆ. ಅವರು ಮೇಡಂಗೆ ಹೇಳಲಿಲ್ಲ. ಆ ಸಾಲಿನ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ 'ನೋಡಿಲ್ಲ' ಎಂದು ನನ್ನ ಕೈಯಿಂದಲೇ ಬರೆಸಿದರು. "ನೋಡಿಲ್ಲ ಅಂತ ಬರಿಯಾಕ ನಾಚಿಕಿ ಬ್ಯಾಡವ್ವ. ಅದೂ ಓದs. ಮೇಡಂಗ ಅದೂ ಬೇಕು" ಅಂದರು. ಅವರು ನನ್ನನ್ನು 'ಅವ್ವ' ಎಂದದ್ದು ಅದೊಂದೇ ಸಲ. ಮರುದಿನದಿಂದ ಮತ್ತೆ ಪಿಯುಸಿ. ಒಂದು ತಿಂಗಳು, ಯಾರು ಬಂದರೂ ನನ್ನ ಮುಂದೆಯೇ, "ಈಕಿ ನಮ್ಮ ಟವರಿನ ಮೇಕಿ ನೋಡ್ರಿ, ನೀರು ಅಂದ್ರ ಜೀವ" ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಇನ್ನು ಆ ಒಂಬತ್ತು ದಿನ. ಬೇಲಿಯ ಕೀಲಿ ಅವರ ಜೇಬಿನಲ್ಲಿತ್ತು. ಸತ್ತವರ ಮನೆಗೆ ಹೋಗಿ ಅಂಗಿಯ ಜೇಬು ನೋಡಿರೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹಾಗೆಂದು ಎಲ್ಲರಿಗೂ ಹೇಳಿದ್ದೇನೆ, ಮೇಡಂಗೂ ಹೇಳಿದೆ. ಆದರೆ ಬೇಲಿ ನನ್ನ ಎದೆಯಷ್ಟು ಎತ್ತರ, ಹಾರಬಹುದಿತ್ತು. ದಿನಕ್ಕೊಮ್ಮೆ ಹಾರಿ ಮಳೆ ಮಾಪಕವನ್ನಾದರೂ ನೋಡಿ ಬರಬಹುದಿತ್ತು. ಬೇಲಿಯ ಆಚೆ ಖಾಲಿ ಶೆಡ್ಡು ನೋಡಲು ನನಗೆ ಮನಸ್ಸಿರಲಿಲ್ಲ. ಹತ್ತನೆಯ ದಿನ ಅವರ ಹೆಂಡತಿಯೇ ಕೀಲಿಯನ್ನೂ, ಸುಟ್ಟ ಫ್ಯೂಸನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿ ಕಳಿಸಿದರು. ಹರಪನಹಳ್ಳಿಯಲ್ಲಿ ಅಂಥದೇ ಕೊಂಡು, ಹೋಗಿ ಹಾಕಿದೆ. ಯಂತ್ರ ನಡೆಯಿತು. 'ರೈಟ್' ಎಂದು ಬರೆದೆ.

ಮಳೆ ಮಾಪಕದಲ್ಲಿ ನೀರಿತ್ತು. ಒಂಬತ್ತು ದಿನದ್ದೆಲ್ಲ ಒಟ್ಟಿಗೆ, ಬಿಸಿಲಿಗೆ ಆರಿ ಉಳಿದಷ್ಟು. ಒಂದೇ ದಿನ ಬಂದದ್ದೋ ಮೂರು ದಿನ ಬಂದದ್ದೋ ಅದು ಹೇಳುವುದಿಲ್ಲ. ಮಳೆಗೆ ಮೊದಲಿನ ನೆಲಕ್ಕೂ ಆಮೇಲಿನ ನೆಲಕ್ಕೂ ಹೋಲಿಕೆಯೇ ಇಲ್ಲ. ಅದೇ ಬಿಸಿಲು ಹಿಂದಿನ ದಿನ ಗಾಳಿಯಲ್ಲಿ ಹೋದದ್ದು ಮರುದಿನ ಆವಿಯಲ್ಲಿ ಹೋಗುತ್ತದೆ. ಯಾವ ಖಾಲಿ ದಿನಕ್ಕೆ ಒಣ ದಿನದ ಅಂಕಿ ಹಾಕಬೇಕು, ಯಾವುದಕ್ಕೆ ಹಸಿ ದಿನದ್ದು ಎಂದು ಗೊತ್ತಿಲ್ಲದೆ ಮೇಡಂ ಏನನ್ನೂ ತುಂಬುವಂತಿರಲಿಲ್ಲ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ನಾಲ್ಕು ದಿನ ಮೋಡವಿತ್ತಂತೆ. ನಮ್ಮ ಕಡೆ ಮೋಡವಿದ್ದ ದಿನವೆಲ್ಲ ಮಳೆಯಾಗಿದ್ದರೆ ನಾವು ಬೇರೆ ಊರಿನವರಾಗಿರುತ್ತಿದ್ದೆವು.

ಕೇಳಿ ನೋಡಿದೆ. ಅರಸೀಕೆರೆಯಲ್ಲಿ ಮಳೆ ಬಂದದ್ದು ಕಂಡಕ್ಟ್ರು ಸತ್ತ ಮೂರನೆಯ ದಿನ, ಹಾಲು ತುಪ್ಪ ಬಿಡುವಾಗ, ನಾನೇ ನೆನೆದಿದ್ದೆ. ತೆಲಿಗಿಯಲ್ಲಿ ಅದರ ಮರುದಿನ. ಆದರೆ ಇಲ್ಲಿ ಒಂದು ಹೊಲಕ್ಕೆ ಬಂದ ಮಳೆ ಪಕ್ಕದ ಹೊಲಕ್ಕೆ ಬರುವುದಿಲ್ಲ. ಟವರಿನ ಬಳಿ ಕುರಿ ಮೇಯಿಸುವ ಅಜ್ಜಿಯನ್ನು ಕೇಳಿದೆ.

"ಬಂತು ಬಂತು. ಛಲೋ ಬಂತು."

"ಯಾವತ್ತವ್ವಾ?"

"ಅವತ್ತs."

"ಅವತ್ತು ಅಂದ್ರ? ಸೋಮವಾರೋ, ಬುಧವಾರೋ?"

ಅಜ್ಜಿ ನನ್ನ ಮುಖವನ್ನೇ ನೋಡಿ, ಪಾಪ ಎನಿಸಿರಬೇಕು, "ನಿನಗ ಯಾವತ್ತು ಬೇಕವ್ವ ಹೇಳು, ಅವತ್ತs ಬಂತು ಅಂತೀನಿ. ಕಂಡಕ್ಟ್ರು ಭಾಳ ಒಳ್ಳೆ ಮನಷ್ಯಾ" ಅಂದರು.

ಮೇಡಂ ಇನ್ನೊಂದು ಮಾತು ಹೇಳಿದ್ದರು. ಈ ಏಳು ವರ್ಷದ ಅಳತೆಗಳು ಅಚ್ಚಾದಾಗ, ಒಂದೊಂದು ವರ್ಷದ ಪಕ್ಕದಲ್ಲೂ ಅದನ್ನು ನೋಡಿ ಬರೆದವರ ಹೆಸರು ಬರುತ್ತದೆ. ಕೈಬಿಟ್ಟ ವರ್ಷಕ್ಕೆ ಸಾಲೇ ಇರುವುದಿಲ್ಲ. ಇದನ್ನು ಹೇಳಲೆಂದೇ ಅರಸೀಕೆರೆಗೆ ಹೋದೆ. ಕಂಡಕ್ಟ್ರ ಹೆಂಡತಿ ಶೇಂಗಾ ಸುಲಿಯುತ್ತ ಕೂತಿದ್ದರು. ಎಲ್ಲ ಕೇಳಿಕೊಂಡರು.

"ಏನಾರ ಒಂದು ಬರದುಬಿಡವ್ವ. ಯಾರಿಗೆ ಗೊತ್ತಾಗ್ತೈತಿ? ಅವ್ರ ಹೆಸರು ಇರ್ಲಿ."

"ಗೊತ್ತಾಗಂಗಿಲ್ರಿ."

"ಮತ್ತ?"

"ನಾನು ಮಳಿ ನೋಡಿಲ್ರಿ."

ಅವರು ಸುಲಿಯುವುದನ್ನು ನಿಲ್ಲಿಸಿದರು. ಸಿಟ್ಟು ಬಂದಿದೆ ಎಂದುಕೊಂಡೆ. ಬಂದಿತ್ತು ನಿಜ, ಆದರೆ ನನ್ನ ಮೇಲಲ್ಲ. "ಲಗ್ನ ಆದಾಗಿಂದ ನನಗ ಸುಳ್ಳು ಹೇಳ್ಯಾರ, ಮಿರ್ಚಿ ತಿಂದಿಲ್ಲ, ಮಿರ್ಚಿ ತಿಂದಿಲ್ಲ ಅಂತ. ಮೀಸಿ ತುಂಬ ಎಣ್ಣಿ. ಆ ಒಂದು ಪುಸ್ತಕಕ್ಕ ಮಾತ್ರ ಖರೆ ಹೇಳ್ಯಾರಂತ!" ಎಂದು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು. "ನಡಿ, ಬಸ್ ತಪ್ಪತೈತಿ. ಬರೀಬ್ಯಾಡ ಹಂಗಾರ."

ಮರುದಿನ ಒಂಬತ್ತು ತಾರೀಖುಗಳ ಮುಂದೆ ಒಂಬತ್ತು ಸಲ 'ನೋಡಿಲ್ಲ' ಎಂದು ಬರೆದು, ಆ ಪುಟದ ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಅವರು ತಡವಾಗಿ ಉತ್ತರಿಸಿದರು: ಸರಿ, ಹೀಗೇ ಇರಲಿ.

ಅಚ್ಚಿಗೆ ಹೋಗುವ ಪಟ್ಟಿ ಹೋದ ವಾರ ಬಂತು. ಅದರಲ್ಲಿ ಆರು ವರ್ಷಗಳಿವೆ, ಆರರ ಪಕ್ಕದಲ್ಲೂ ಅವರ ಹೆಸರಿದೆ. ಏಳನೆಯ ವರ್ಷ ಇಲ್ಲ. ನಮ್ಮ ಬಯಲಿಗೆ ಆ ವರ್ಷದ ಮೊದಲ ಮಳೆ ಯಾವ ದಿನ ಬಂತು ಎನ್ನುವುದು ಇನ್ನೂ ಗೊತ್ತಿಲ್ಲ.